ಹಳಿಯೂ ಕಾವಲೂ: ಕೊಂಕಣ ರೈಲ್ವೆಯ ಇಬ್ಬರು ಇಂಜಿನಿಯರರು

ಸೇತುವೆ ದಾಟುವವನು ಅದನ್ನು ಕಟ್ಟಿದವನ ಹೆಸರು ಕೇಳುವುದಿಲ್ಲ, ಇದು ಲೋಕರೂಢಿ. ಶೆಟಗೇರಿಯಂಥ ಹಳ್ಳಿಗಳಿಂದ ಅಂಕೋಲೆಗೆ ಬಂದು, ಅಲ್ಲಿ ರೈಲು ಹಿಡಿದು ಮಂಗಳೂರಿಗೋ ಮುಂಬಯಿಗೋ ಹೋಗುವ ನಮಗೂ ಈ ಮಾತು ಸಲ್ಲುತ್ತದೆ. ಆ ಹಳಿಯನ್ನು ಹಾಕಿಸಿದವರು ಯಾರು, ಅದರ ಮೇಲೆ ಓಡುವ ಗಾಡಿಗೆ ಕಾವಲು ಹುಡುಕಿದವರು ಯಾರು ಎಂಬುದನ್ನು ತಿಳಿದುಕೊಳ್ಳುವುದು ಕಲಾ ವಿಭಾಗದ ವಿದ್ಯಾರ್ಥಿಗಳಾದ ನಮಗೂ ಅವಶ್ಯವೆಂದು ಭಾವಿಸಿ ಈ ಲೇಖನವನ್ನು ಬರೆದಿದ್ದೇನೆ.

ನಮ್ಮ ಕರಾವಳಿ ಬಹುಕಾಲ ರೈಲಿಲ್ಲದ ನಾಡಾಗಿತ್ತು. ರೈಲು ಹತ್ತಬೇಕಾದರೆ ಮೊದಲು ಘಟ್ಟ ಹತ್ತಿ ಹುಬ್ಬಳ್ಳಿಗೆ ಹೋಗಬೇಕಾಗಿತ್ತು. ಒಂದು ಕಡೆ ಸಹ್ಯಾದ್ರಿ, ಇನ್ನೊಂದು ಕಡೆ ಸಮುದ್ರ. ನಡುವಿನ ಕಿರಿದಾದ ಪಟ್ಟಿಯನ್ನು ಕಾಳಿ, ಗಂಗಾವಳಿ, ಅಘನಾಶಿನಿ, ಶರಾವತಿ ನದಿಗಳು ಅಡ್ಡಡ್ಡವಾಗಿ ಸೀಳಿವೆ. ಇಂಥಲ್ಲಿ ಹಳಿ ಹಾಕುವ ಖರ್ಚಿಗೆ ಹೆದರಿ ಸರಕಾರಗಳು ಸುಮ್ಮನಿದ್ದವು. 1990ರಲ್ಲಿ, ಮಂಗಳೂರಿನವರೇ ಆದ ಜಾರ್ಜ್ ಫರ್ನಾಂಡಿಸರು ರೈಲ್ವೆ ಮಂತ್ರಿಗಳಾಗಿದ್ದಾಗ, ಈ ಕೆಲಸಕ್ಕಾಗಿಯೇ ಕೊಂಕಣ ರೈಲ್ವೆ ನಿಗಮ ಸ್ಥಾಪನೆಯಾಯಿತು. ಅದರ ಮೂಲ ಬಂಡವಾಳದಲ್ಲಿ ಕೇಂದ್ರದ್ದು ನೂರಕ್ಕೆ 51 ಪಾಲು, ಮಹಾರಾಷ್ಟ್ರದ್ದು 22, ಕರ್ನಾಟಕದ್ದು 15, ಗೋವೆ ಹಾಗೂ ಕೇರಳದ್ದು ತಲಾ 6. ಅದರ ಮುಖ್ಯಸ್ಥರಾಗಿ ಬಂದವರು ಇ. ಶ್ರೀಧರನ್.

ಶ್ರೀಧರನ್ ಅವರು 1932ರಲ್ಲಿ ಕೇರಳದ ಪಾಲಕ್ಕಾಡಿನ ಸೀಮೆಯಲ್ಲಿ ಜನಿಸಿದರು. 1954ರಲ್ಲಿ ರೈಲ್ವೆ ಸೇವೆಗೆ ಸೇರಿದರು. 1964ರ ಡಿಸೆಂಬರಿನ ಚಂಡಮಾರುತವು ರಾಮೇಶ್ವರದ ಪಾಂಬನ್ ಸೇತುವೆಯನ್ನು ಮುರಿದಾಗ ದುರಸ್ತಿಗೆ ಆರು ತಿಂಗಳ ಗಡುವು ಗೊತ್ತಾಗಿತ್ತು. ಮೇಲಧಿಕಾರಿಗಳು ಅದನ್ನು ಮೂರು ತಿಂಗಳಿಗೆ ಇಳಿಸಿದರು. ತರುಣ ಶ್ರೀಧರನ್ 46 ದಿನಗಳಲ್ಲಿ ಮುಗಿಸಿದರು. ಮುಂದೆ ಕಲಕತ್ತೆಯ ಮೆಟ್ರೋ ಯೋಜನೆಯಲ್ಲಿಯೂ ಕೊಚ್ಚಿಯ ಹಡಗುಕಟ್ಟೆಯಲ್ಲಿಯೂ ಕೆಲಸ ಮಾಡಿದರು. ರೈಲ್ವೆಯಿಂದ ನಿವೃತ್ತರಾದ ವರ್ಷವೇ ಕೊಂಕಣದ ಹೊಣೆ ಹೊತ್ತರು. ಇತರರು ವಿಶ್ರಾಂತಿ ಬಯಸುವ ವಯಸ್ಸಿನಲ್ಲಿ ಅವರ ಮಹತ್ಕಾರ್ಯ ಆರಂಭವಾಯಿತೆಂಬುದನ್ನು ನಾವು ಗಮನಿಸಬೇಕು.

ರೋಹಾದಿಂದ ಮಂಗಳೂರಿನ ಬಳಿಯ ತೋಕೂರಿನವರೆಗೆ ಸುಮಾರು 740 ಕಿ.ಮೀ. ದಾರಿ, 90ಕ್ಕೂ ಹೆಚ್ಚು ಸುರಂಗಗಳು, ಸಣ್ಣವು ದೊಡ್ಡವು ಸೇರಿ ಸುಮಾರು 2,000 ಸೇತುವೆಗಳು. ಇವುಗಳಲ್ಲಿ ಅತ್ಯಂತ ಉದ್ದವಾದ ಸೇತುವೆ ನಮ್ಮ ಜಿಲ್ಲೆಯ ಹೊನ್ನಾವರದಲ್ಲಿ ಶರಾವತಿಯ ಮೇಲಿದೆ. ಅದರ ಉದ್ದ 2 ಕಿ.ಮೀ. ಮೀರುತ್ತದೆ. ಗಟ್ಟಿ ಕಲ್ಲಿಗಿಂತ ಮೆದು ಮಣ್ಣೇ ಹೆಚ್ಚು ಕಾಡಿತು. ಕಲ್ಲನ್ನು ಯಂತ್ರದಿಂದ ಕೊರೆಯಬಹುದು. ನೀರುಂಡ ಮಣ್ಣು ಅಗೆದಷ್ಟೂ ಕುಸಿಯುತ್ತದೆ. ಗೋವೆಯ ಪೆರ್ಣೆಯ ಸುರಂಗ ಮತ್ತೆ ಮತ್ತೆ ಕುಸಿದು ಕೆಲಸವನ್ನು ತಡೆಯಿತು, ಜೀವಗಳೂ ಹೋದವು. ಕಡೆಗೆ 1998ರ ಜನವರಿ 26ರಂದು ಇಡೀ ಮಾರ್ಗ ತೆರೆಯಿತು. ಈ ಯಶಸ್ಸಿನಲ್ಲಿ ಭೂಮಿ ಬಿಟ್ಟುಕೊಟ್ಟ ಸುಮಾರು 42,000 ಹಿಡುವಳಿದಾರರ ಪಾಲೂ ಇದೆಯೆಂಬುದನ್ನು ಮರೆಯಲಾಗದು.

ಹಳಿಯೇನೋ ಆಯಿತು. ಆದರೆ ಅದು ಬಹುಮಟ್ಟಿಗೆ ಒಂಟಿ ಹಳಿ. ಹೋಗುವ ಗಾಡಿಯೂ ಬರುವ ಗಾಡಿಯೂ ಅದರ ಮೇಲೆಯೇ ಓಡಬೇಕು. ಸಿಗ್ನಲ್ ನೋಡುವುದರಲ್ಲಿ ಒಬ್ಬ ಮನುಷ್ಯ ತಪ್ಪಿದರೂ ಅನರ್ಥವೇ. 1999ರ ಆಗಸ್ಟ್ 2ರಂದು ಬಂಗಾಲದ ಗೈಸಾಲಿನಲ್ಲಿ ಎರಡು ಗಾಡಿಗಳು ಮುಖಾಮುಖಿ ಡಿಕ್ಕಿಯಾಗಿ 280ಕ್ಕೂ ಹೆಚ್ಚು ಜನ ಸತ್ತರು. ಮನುಷ್ಯ ಮರೆತರೂ ಯಂತ್ರ ಮರೆಯದಂತೆ ಮಾಡಬಹುದೇ? ಈ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅದೇ ನಿಗಮದ ಆಡಳಿತ ನಿರ್ದೇಶಕರಾಗಿದ್ದ ಬಿ. ರಾಜಾರಾಮ್.

ಅವರು ರೂಪಿಸಿದ ಡಿಕ್ಕಿ ತಡೆ ಸಾಧನಕ್ಕೆ 'ರಕ್ಷಾ ಕವಚ' ಎಂದು ಹೆಸರಾಯಿತು. ಇಂಜಿನ್ನಿನಲ್ಲಿ, ಗಾರ್ಡಿನ ಡಬ್ಬಿಯಲ್ಲಿ, ನಿಲ್ದಾಣದಲ್ಲಿ, ಗೇಟುಗಳಲ್ಲಿ ಒಂದೊಂದು ಪುಟ್ಟ ಕಂಪ್ಯೂಟರು. ಉಪಗ್ರಹಗಳ ಸಂಕೇತದಿಂದ ಅದು ತಾನಿರುವ ಸ್ಥಳವನ್ನು ಲೆಕ್ಕಹಾಕುತ್ತದೆ. ರೇಡಿಯೋ ಮೂಲಕ ಸುತ್ತಲಿನ ಸಾಧನಗಳೊಡನೆ ಮಾತಾಡುತ್ತದೆ. ಒಂದೇ ಹಳಿಯ ಮೇಲೆ ಎರಡು ಗಾಡಿ ಹತ್ತಿರವಾದರೆ ಚಾಲಕನನ್ನು ಕೇಳದೆ ಬ್ರೇಕು ಹಾಕುತ್ತದೆ.

ಇಲ್ಲೊಂದು ತೊಡಕಿತ್ತು. ಅಕ್ಕಪಕ್ಕದ ಹಳಿಗಳ ನಡುವೆ ಕೆಲವೇ ಮೀಟರು ಅಂತರ. ಗಾಡಿ ಯಾವ ಹಳಿಯ ಮೇಲಿದೆಯೆಂದು ಉಪಗ್ರಹದ ಲೆಕ್ಕದಿಂದ ಖಚಿತವಾಗಿ ಹೇಳಲಾಗದು. ರಾಜಾರಾಮ್ ಅದಕ್ಕೊಂದು ಜಾಣ ಉಪಾಯ ಕಂಡರು. ಹಳಿ ಕವಲೊಡೆಯುವಲ್ಲಿ ಇಂಜಿನ್ನು ತುಸು ಓರೆಯಾಗುತ್ತದಷ್ಟೆ. ಆ ಓರೆಯನ್ನು ಎಣಿಸಿ ಹಳಿಯನ್ನು ಗುರುತಿಸುವುದು. ಕೊಂಕಣದಲ್ಲಿಯೂ ಈಶಾನ್ಯ ಗಡಿ ರೈಲ್ವೆಯಲ್ಲಿಯೂ ಸಾಧನವನ್ನು ಅಳವಡಿಸಿ ನೋಡಿದರು. ಆದರೂ ಹಲವು ಹಳಿಗಳಿರುವಲ್ಲಿ ಅದು ಪೂರ್ಣ ನಂಬಿಕೆಗೆ ಪಾತ್ರವಾಗದೆ ದೇಶದ ತುಂಬ ಹಬ್ಬಲಿಲ್ಲ. 2020ರಲ್ಲಿ ರಾಷ್ಟ್ರೀಯ ವ್ಯವಸ್ಥೆಯೆಂದು ಅಂಗೀಕೃತವಾದ 'ಕವಚ'ವು ಬೇರೆ ದಾರಿ ಹಿಡಿದಿದೆ: ಹಳಿಯ ನಡುವೆಯೇ ಗುರುತಿನ ಚೀಟಿಯಂಥ ಬಿಲ್ಲೆಗಳನ್ನು ಕೂಡಿಸಿದ್ದು, ಇಂಜಿನ್ನು ಅವನ್ನು ಓದುತ್ತ ಸಾಗುತ್ತದೆ. ಉಪಾಯ ಬೇರೆ, ಕೇಳಿದ ಪ್ರಶ್ನೆ ರಾಜಾರಾಮ್ ಕೇಳಿದ್ದೇ. ಮಡಗಾಂವಿನಲ್ಲಿ ಅವರು ಪರೀಕ್ಷೆಗಿಟ್ಟ, ಮೇಲಿನ ಹಳಿಗೆ ತೂಗುಬಿದ್ದು ಓಡುವ 'ಸ್ಕೈಬಸ್' ಮಾತ್ರ 2004ರ ಅಪಘಾತದ ತರುವಾಯ ಮೇಲೇಳಲಿಲ್ಲ.

ಹಾಗಾದರೆ ಕಂಪ್ಯೂಟರು ಬಂದ ಮೇಲೆ ಭಯವಿಲ್ಲವೆನ್ನಬಹುದೇ? 2003ರ ಜೂನ್ 22ರ ರಾತ್ರಿ, ನಮ್ಮ ಕಾರವಾರದಿಂದಲೇ ಮುಂಬಯಿಗೆ ಹೊರಟ ಗಾಡಿಯು ವೈಭವವಾಡಿಯ ಬಳಿ ಹಳಿ ತಪ್ಪಿ ಸುಮಾರು 50 ಜನ ಪ್ರಾಣ ಬಿಟ್ಟರು. ಎದುರಿಗೆ ಬೇರೆ ಗಾಡಿ ಇರಲಿಲ್ಲ. ಗುಡ್ಡದಿಂದ ಉರುಳಿದ ಬಂಡೆಗಳಿದ್ದವು. ಗಾಡಿಗಳು ಒಂದಕ್ಕೊಂದು ತಮ್ಮ ಇರವನ್ನು ಹೇಳಿಕೊಳ್ಳಬಲ್ಲವು, ಗುಡ್ಡ ಹೇಳುವುದಿಲ್ಲ. ಆ ಬಳಿಕ ಇಳಿಜಾರುಗಳನ್ನು ತಗ್ಗಿಸಿದರು, ಬಲೆ ಹೊದಿಸಿದರು. ಮಳೆಗಾಲಕ್ಕೆ ವೇಗ ತಗ್ಗಿಸಿ ಪ್ರತ್ಯೇಕ ವೇಳಾಪಟ್ಟಿ ನಡೆಸುತ್ತಾರೆ. ಮಳೆಯಲ್ಲಿ ಹಳಿಯುದ್ದಕ್ಕೂ ನಡೆದು ನೋಡುವ ಗಸ್ತಿನವರಿದ್ದಾರೆ. ಕಂಪ್ಯೂಟರಿನ ಯುಗದಲ್ಲಿಯೂ ಈ ಕಾಲ್ನಡಿಗೆಯ ಕಾವಲು ತಪ್ಪಿಲ್ಲ.

2024ರ ಜುಲೈ 16ರಂದು ನಮ್ಮ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿಯ ಮೇಲೆ ಗುಡ್ಡ ಕುಸಿದು, ಮಣ್ಣು ಗಂಗಾವಳಿಯವರೆಗೆ ಸರಿದು, ಜನ ಸತ್ತರು. ರೈಲುದಾರಿಯಾಗಲಿ ಮೋಟಾರುದಾರಿಯಾಗಲಿ, ಕಡಿದ ಗುಡ್ಡ ಗುಡ್ಡವೇ. ದಾರಿ ತೆರೆದ ದಿನ ಹಾರ ಹಾಕಿಸಿಕೊಳ್ಳುವುದು ಸುಲಭ. ಪ್ರತಿ ಮಳೆಗಾಲದಲ್ಲಿ ಆ ಗುಡ್ಡವನ್ನು ಮತ್ತೆ ನೋಡುವವರು ಬೇಕು.

ಈ ಇಬ್ಬರ ಜೀವನದಿಂದ ನಾನು ಗ್ರಹಿಸಿದ್ದಿಷ್ಟು. ಶ್ರೀಧರನ್ ಹಿಡಿದ ಕೆಲಸವನ್ನು ಮುಗಿಸಿದರು, ಪದ್ಮವಿಭೂಷಣರಾದರು. ರಾಜಾರಾಮ್ ಹಿಡಿದದ್ದು ಅವರ ಕೈಯಲ್ಲಿ ಪೂರ್ತಿಯಾಗಲಿಲ್ಲ. ಆದರೂ ಸರಿಯಾದ ಪ್ರಶ್ನೆಯನ್ನು ಮುಂದಿನವರಿಗೆ ಬಿಟ್ಟುಹೋದರು. ದೇಶಕ್ಕೆ ಇಬ್ಬರೂ ಬೇಕು. ನಮ್ಮ ಜಿಲ್ಲೆಯ ತರುಣರಲ್ಲಿ ಇಂಜಿನಿಯರರಾಗುವವರು ಹಲವರಿದ್ದಾರೆ; ಅವರಲ್ಲಿ ಕೆಲವರಾದರೂ ಊರಿನ ಗುಡ್ಡ, ಮಳೆ, ಹೊಳೆಗಳ ಲೆಕ್ಕವನ್ನು ಕೈಗೆತ್ತಿಕೊಳ್ಳಲಿ. ಇಂಜಿನಿಯರರಾಗದ ನಾವು, ದಾರಿ ಬೇಕೆಂದು ಕೇಳುವಾಗಲೇ ಅದರ ಕಾವಲು ಯಾರದೆಂದೂ ಕೇಳುವ ರೂಢಿ ಮಾಡಿಕೊಳ್ಳೋಣ.