ಏಳು ತುಂಬಿದ ಮೇಲೆ: ಹೇಳಿಕೊಳ್ಳುವುದು, ಕೇಳಿಸಿಕೊಳ್ಳುವುದು

ಏಳು ತಿಂಗಳು ತುಂಬಿದ ಬಸುರಿಗೆ ಸಲಹೆ ಕೊಡುವವರಿಗೆ ಬರವಿಲ್ಲ. ಎದುರು ಮನೆಯವರು, ಬಸ್ಸಿನಲ್ಲಿ ಪಕ್ಕ ಕೂತವರು, ವರ್ಷಕ್ಕೊಮ್ಮೆ ಮುಖ ನೋಡುವ ನೆಂಟರು, ಎಲ್ಲರ ಹತ್ತಿರವೂ ಒಂದೊಂದು ಮಾತಿರುತ್ತದೆ. ಅವಳ ಮಾತನ್ನು ಕೂತು ಕೇಳುವವರು ಮಾತ್ರ ಕಡಿಮೆ. ರಾತ್ರಿ ಮೂರು ಸಲ ಎದ್ದು ಬಚ್ಚಲಿಗೆ ಹೋಗಿಬಂದು, ನಿದ್ದೆ ಹತ್ತದೆ, ಹೊಟ್ಟೆಯ ಮೇಲೆ ಕೈಯಿಟ್ಟುಕೊಂಡು ಕೂತಾಗ ಬಂದ ಯೋಚನೆಗಳನ್ನು ಬೆಳಿಗ್ಗೆ ಯಾರಿಗಾದರೂ ಹೇಳೋಣವೆಂದರೆ, ‘ಎಲ್ಲರಿಗೂ ಹಾಗೇ, ಸುಮ್ಮನಿರು’ ಎನ್ನುತ್ತಾರೆ. ಮೊದಲ ಸಲ ತಾಯಾಗುತ್ತಿರುವವರಿಗೆ ಮತ್ತು ಅವರ ಮನೆಯವರಿಗೆ ಈ ಬರಹ. ಕೊನೆಯ ಮೂರು ತಿಂಗಳಲ್ಲಿ ಯಾವುದನ್ನು ಗೆಳತಿಗೆ ಹೇಳಿಕೊಂಡು ಹಗುರಾಗಬಹುದು, ಯಾವುದನ್ನು ಹೊತ್ತು ಮೀರುವ ಮುಂಚೆ ಆಸ್ಪತ್ರೆಗೆ ಒಯ್ಯಬೇಕು, ಕೇಳುವವರು ಹೇಗೆ ಕೇಳಬೇಕು ಎಂಬುದನ್ನು ನಿಧಾನವಾಗಿ ನೋಡೋಣ.

ಮೊದಲು ಲೆಕ್ಕ. ಮನೆಯಲ್ಲಿ ಎಣಿಸುವುದು ತಿಂಗಳು, ಆಸ್ಪತ್ರೆಯಲ್ಲಿ ಎಣಿಸುವುದು ವಾರ. ಹೊಸಬರು ಇಲ್ಲೇ ತಡವರಿಸುತ್ತಾರೆ. ಕೊನೆಯ ಮುಟ್ಟಿನ ಮೊದಲ ದಿನದಿಂದ 280 ದಿನ, ಅಂದರೆ 40 ವಾರ ಎಣಿಸಿ ಹೆರಿಗೆಯ ದಿನಾಂಕ ಬರೆಯುತ್ತಾರೆ. 28ನೇ ವಾರದಿಂದ ಮುಂದಿನದು ಕೊನೆಯ ಹಂತ. 37 ವಾರ ತುಂಬುವ ಮುಂಚೆ ಹುಟ್ಟಿದರೆ ಅದು ದಿನ ತುಂಬದ ಮಗು. ಚೀಟಿಯಲ್ಲಿ ಬರೆದ ದಿನವೇ ಹುಟ್ಟುವ ಮಕ್ಕಳು ನೂರಕ್ಕೆ ನಾಲ್ಕೈದು ಅಷ್ಟೆ. ಹಾಗಾಗಿ ನೆಂಟರಿಗೆಲ್ಲ ಆ ದಿನಾಂಕವನ್ನೇ ಹೇಳಬೇಡಿ, ‘ತಿಂಗಳ ಕೊನೆಗೆ’ ಎನ್ನಿ. ದಿನ ದಾಟಿದ ಮೇಲೆ ಗಂಟೆಗೊಂದರಂತೆ ಬರುವ ‘ಇನ್ನೂ ಆಗಲಿಲ್ವಾ?’ ಎಂಬ ಫೋನುಗಳು ಮೊದಲೇ ಕಾತರದಲ್ಲಿರುವ ಹೆಣ್ಣುಮಗಳನ್ನು ತುಂಬ ದಣಿಸುತ್ತವೆ.

ಅನುಭವ ಹಂಚಿಕೊಳ್ಳುವುದು ಎಂದರೇನು ಎಂದು ತಿಳಿಯಬೇಕಾದರೆ ಯಾವುದೇ ತಿಂಗಳ 9ನೇ ತಾರೀಖು ಹತ್ತಿರದ ಸರ್ಕಾರಿ ಆಸ್ಪತ್ರೆಗೆ ಹೋಗಿ ನೋಡಿ. ಪ್ರಧಾನಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದಡಿ 2016ರಿಂದ ಆ ದಿನ ನಾಲ್ಕು ತಿಂಗಳು ದಾಟಿದ ಬಸುರಿಯರಿಗೆ ವೈದ್ಯರಿಂದಲೇ ಉಚಿತ ತಪಾಸಣೆ ನಡೆಯುತ್ತದೆ. ಕೈಯಲ್ಲಿ ತಾಯಿ ಕಾರ್ಡು ಹಿಡಿದು ಬೆಂಚಿನ ಮೇಲೆ ಸಾಲಾಗಿ ಕೂತವರಲ್ಲಿ ಒಬ್ಬಳು ಪಕ್ಕದವಳ ಕಡೆ ತಿರುಗಿ, ‘ನಿಮಗೂ ರಾತ್ರಿ ಮೀನಖಂಡ ಹಿಡ್ಕೊಳ್ಳುತ್ತಾ?’ ಎನ್ನುತ್ತಾಳೆ. ‘ಅಯ್ಯೋ, ಕಿರುಚಿಬಿಡ್ತೀನಿ. ನಮ್ಮಮ್ಮ ಹೆಬ್ಬೆರಳು ಮೇಲಕ್ಕೆ ಬಗ್ಗಿಸಿ ಹಿಡಿದರೆ ಬಿಡುತ್ತೆ’ ಎಂದು ಇವಳು. ಆಚೆ ಕೂತವಳು ಎದೆಯುರಿಯ ಮಾತು ತೆಗೆಯುತ್ತಾಳೆ, ಇನ್ನೊಬ್ಬಳು ಉಂಡ ಕೂಡಲೇ ಮಲಗಬೇಡಿ, ಸ್ವಲ್ಪ ಸ್ವಲ್ಪ ನಾಲ್ಕೈದು ಸಲ ಉಣ್ಣಿ ಎನ್ನುತ್ತಾಳೆ. ಸರದಿ ಬರುವಷ್ಟರಲ್ಲಿ ಅಲ್ಲಿ ಕಾಲು ಊದುವುದು, ಸೊಂಟನೋವು, ಮಲಬದ್ಧತೆ, ಎದೆಯಿಂದ ಈಗಲೇ ಹಳದಿ ನೀರು ಜಿನುಗುವುದು ಎಲ್ಲವೂ ಬಂದು ಹೋಗಿರುತ್ತದೆ. ಡಾಕ್ಟರ ಮುಂದೆ ಹೇಳಲು ನಾಚುವ ಮಾತೂ ಬೆಂಚಿನ ಮೇಲೆ ಬರುತ್ತದೆ. ಇದು ತನಗೊಬ್ಬಳಿಗೇ ಆಗುತ್ತಿಲ್ಲ ಎಂದು ತಿಳಿದಾಗ ಹೆಣ್ಣುಮಗಳ ಭುಜ ಸಡಿಲಾಗುವುದು ಕಣ್ಣಿಗೇ ಕಾಣುತ್ತದೆ.

ಆದರೆ ಇದೇ ಬೆಂಚಿನ ಮೇಲೆ ಅಪಾಯದ ಮಾತೂ ಹುಟ್ಟುತ್ತದೆ. ‘ಮಗು ನಿನ್ನೆಯಿಂದ ಅಷ್ಟಾಗಿ ಒದೀತಿಲ್ಲ’ ಎಂದವಳಿಗೆ ‘ದಿನ ಹತ್ತಿರ ಬಂತಲ್ಲ, ಒಳಗೆ ಜಾಗ ಸಾಲಲ್ಲ, ಅದಕ್ಕೇ’ ಎಂದು ಯಾರೋ ಸಮಾಧಾನ ಹೇಳುತ್ತಾರೆ. ಒಳ್ಳೆಯ ಮನಸ್ಸಿನಿಂದ ಹೇಳಿದ ಈ ಮಾತು ತಪ್ಪು. ಕೊನೆಯ ವಾರಗಳಲ್ಲಿ ಒದೆತದ ರೀತಿ ಬದಲಾಗಬಹುದು, ಹೊರಳಾಟದಂತೆ, ನೂಕಿದಂತೆ ಅನಿಸಬಹುದು. ಚಲನೆ ಕಡಿಮೆಯಾಗಬಾರದು. ಎಣಿಸುವುದಕ್ಕೆ ಸುಲಭದ ದಾರಿಯಿದೆ. ಉಂಡಾದ ಮೇಲೆ ಎಡಮಗ್ಗುಲಿಗೆ ಮಲಗಿ, ಒಂದು ಬಟ್ಟಲಲ್ಲಿ ಹತ್ತು ಹುಣಸೆಬೀಜ ಇಟ್ಟುಕೊಳ್ಳಿ. ಮಗು ಒದ್ದಾಗ, ಹೊರಳಿದಾಗ ಒಂದೊಂದೇ ಬೀಜವನ್ನು ಪಕ್ಕದ ಬಟ್ಟಲಿಗೆ ಹಾಕಿ. ಸಾಮಾನ್ಯವಾಗಿ ಎರಡು ಗಂಟೆಯೊಳಗೆ ಹತ್ತೂ ಬೀಜ ದಾಟಬೇಕು, ಬಹಳಷ್ಟು ಸಲ ಅರ್ಧ ಗಂಟೆಯಲ್ಲೇ ದಾಟುತ್ತವೆ. ದಿನವೂ ಹೀಗೆ ಮಾಡಿದರೆ ನಿಮ್ಮ ಮಗುವಿನ ರೂಢಿ ನಿಮಗೆ ಗೊತ್ತಾಗುತ್ತದೆ. ಆ ರೂಢಿ ತಪ್ಪಿತು ಅನಿಸಿದರೆ ಬೆಳಗಾಗಲಿ ಎಂದು ಕಾಯದೆ ಆಸ್ಪತ್ರೆಗೆ ಹೊರಡಿ.

ಇಲ್ಲಿ ಒಂದು ಗೆರೆ ಎಳೆದುಕೊಳ್ಳಿ ಎಂದು ನಾನು ಹೊಸಬರಿಗೆಲ್ಲ ಹೇಳುತ್ತೇನೆ. ದಣಿವು, ನಿದ್ದೆಗೇಡು, ಭಯ, ಬೇಸರ, ಬಯಕೆ, ಇವನ್ನೆಲ್ಲ ಗೆಳತಿಯರ ಹತ್ತಿರ ಧಾರಾಳವಾಗಿ ಹೇಳಿಕೊಳ್ಳಿ. ರಕ್ತ ಹೋದರೆ, ನೀರು ಒಡೆದರೆ, ಬಿಡದ ತಲೆನೋವಿನ ಜೊತೆ ಕಣ್ಣು ಮಂಜಾದರೆ, ಮುಖ ಮತ್ತು ಕೈ ದಿಢೀರನೆ ಊದಿಕೊಂಡರೆ, ಪಕ್ಕೆಲುಬಿನ ಕೆಳಗೆ ಜೋರು ನೋವು ಬಂದರೆ, ಜ್ವರ ಬಂದರೆ, ಫಿಟ್ಸ್ ಬಂದರೆ ಯಾರ ಅನುಭವವನ್ನೂ ಕೇಳುತ್ತ ಕೂರಬೇಡಿ. ತಲೆನೋವು, ಕಣ್ಣು ಮಂಜು, ಊತ ಇವು ರಕ್ತದೊತ್ತಡ ಏರಿದ್ದರ ಗುರುತಾಗಿರಬಹುದು. ಗರ್ಭಿಣಿಯಲ್ಲಿ ಅದು 140/90 ಮುಟ್ಟಿತೆಂದರೆ ವೈದ್ಯರು ನೋಡಲೇಬೇಕು, 160/110 ಆದರೆ ಅದು ತುರ್ತು. ‘ನನಗೂ ಊದಿತ್ತು, ಏನೂ ಆಗಲಿಲ್ಲ’ ಎಂಬುದು ಹೇಳಿದವಳ ಪುಣ್ಯ. ಅದು ನಿಮ್ಮ ರಕ್ತದೊತ್ತಡ ಎಷ್ಟಿದೆ ಎಂದು ಹೇಳುವುದಿಲ್ಲ.

ಸುಳ್ಳುಬೇನೆಯ ವಿಷಯವೂ ಹೀಗೇ. ಎಂಟನೇ ತಿಂಗಳಿನಿಂದ ಆಗಾಗ ಹೊಟ್ಟೆ ಕಲ್ಲಿನಂತೆ ಬಿಗಿಯಾಗಿ ಸಡಿಲಾಗುತ್ತದೆ. ನೀರು ಕುಡಿದು, ಮಗ್ಗುಲು ಬದಲಿಸಿ ಮಲಗಿದರೆ ನಿಲ್ಲುತ್ತದೆ. ನಿಜವಾದ ಬೇನೆ ನಿಲ್ಲುವುದಿಲ್ಲ, ಅಂತರ ಕಿರಿದಾಗುತ್ತಾ, ಹೊತ್ತು ಉದ್ದವಾಗುತ್ತಾ, ನೋವು ಏರುತ್ತಾ ಹೋಗುತ್ತದೆ. 37 ವಾರ ತುಂಬುವ ಮುಂಚೆ ಹೀಗೆ ಕ್ರಮವಾಗಿ ಬಂದರಂತೂ ಕಾಯುವ ಮಾತೇ ಇಲ್ಲ. ಅನುಮಾನದಲ್ಲೇ ಆಸ್ಪತ್ರೆಗೆ ಹೋಗಿ ‘ಇನ್ನೂ ದಿನವಿದೆ’ ಎಂದು ಹೇಳಿಸಿಕೊಂಡು ವಾಪಸು ಬಂದರೆ ಅದರಲ್ಲಿ ಅವಮಾನವೇನೂ ಇಲ್ಲ.

ಒಬ್ಬರಿಗೊಬ್ಬರು ಹೇಳಿಕೊಳ್ಳುವುದರಿಂದ ನಿಜವಾಗಿ ಏನಾಗುತ್ತದೆ, ಬರೀ ಸಮಾಧಾನವೇ ಎಂದು ಕೇಳುವವರಿದ್ದಾರೆ. ಜಾರ್ಖಂಡ್ ಮತ್ತು ಒಡಿಶಾದ ಆದಿವಾಸಿ ಊರುಗಳಲ್ಲಿ ಏಕ್‌ಜುಟ್ ಎಂಬ ಸಂಸ್ಥೆ 2005ರಿಂದ 2008ರವರೆಗೆ ಇದನ್ನೇ ಪರೀಕ್ಷೆ ಮಾಡಿ ನೋಡಿತು. ಊರಿನ ಹೆಂಗಸರು ತಿಂಗಳಿಗೊಮ್ಮೆ ಸೇರಬೇಕು, ಸ್ಥಳೀಯ ಮಹಿಳೆಯೊಬ್ಬಳು ಸಭೆ ನಡೆಸಬೇಕು, ಅವಳು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಚಿತ್ರದ ಕಾರ್ಡು, ಕಥೆ, ಆಟ ಇಟ್ಟುಕೊಂಡು ಬಸಿರು ಬಾಣಂತನದಲ್ಲಿ ತಮ್ಮೂರಲ್ಲಿ ಏನೇನು ಕಷ್ಟವಾಗುತ್ತದೆ ಎಂದು ಮಾತಾಡಬೇಕು, ಏನು ಮಾಡಬಹುದೆಂದು ತಾವೇ ಯೋಚಿಸಿ ಮಾಡಬೇಕು. 2010ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಫಲಿತಾಂಶ ಬಂದಾಗ, ಗುಂಪುಗಳಿದ್ದ ಕಡೆ ನವಜಾತ ಶಿಶುಗಳ ಸಾವು ಗುಂಪುಗಳಿಲ್ಲದ ಕಡೆಗಿಂತ ಸುಮಾರು ಮೂರನೇ ಒಂದು ಭಾಗ ಕಡಿಮೆಯಿತ್ತು. ನೇಪಾಳದ ಮಕ್ವಾನ್‌ಪುರ ಜಿಲ್ಲೆಯಲ್ಲಿ ಇದಕ್ಕೂ ಮುಂಚೆ ಇಂಥದೇ ಫಲ ಕಂಡಿತ್ತು. 2014ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಇಂಥ ಗುಂಪುಗಳನ್ನು ಶಿಫಾರಸು ಮಾಡಿತು. ಹರಟೆ ಎಂದು ಗಂಡಸರು ತಳ್ಳಿಹಾಕುವ ಮಾತಿಗೆ ಇಷ್ಟು ಶಕ್ತಿಯಿದೆ ಎಂಬುದನ್ನು ನಾವು ಗಂಭೀರವಾಗಿ ತೆಗೆದುಕೊಳ್ಳಬೇಕು.

ನಮ್ಮಲ್ಲಿ ಅಂಥ ಜಾಗ ಇಲ್ಲದೆ ಏನಿಲ್ಲ. ಸೀಮಂತ, ಉತ್ತರ ಕರ್ನಾಟಕದ ಕುಬುಸ, ಬಳೆ ತೊಡಿಸಿ ಮಡಿಲು ತುಂಬುವ ಶಾಸ್ತ್ರ, ಇವೆಲ್ಲ ಹೆತ್ತವರನ್ನು ಹೆರಲಿರುವವಳ ಸುತ್ತ ಕೂರಿಸುವ ಸಂದರ್ಭಗಳೇ. ಆದರೆ ಅವತ್ತು ಅವಳು ಹಸಿರು ಸೀರೆಯುಟ್ಟು ಮಂಟಪದಲ್ಲಿ ಕೂತಿರುತ್ತಾಳೆ, ಬಂದವರು ಆರತಿ ಎತ್ತಿ, ಫೋಟೋ ತೆಗೆಸಿಕೊಂಡು, ಊಟಕ್ಕೆ ಹೋಗುತ್ತಾರೆ. ಅವಳ ಪಕ್ಕ ಅರ್ಧ ಗಂಟೆ ಸುಮ್ಮನೆ ಕೂರುವುದಕ್ಕೂ ಆ ದಿನದಲ್ಲಿ ಬಿಡುವು ಮಾಡಬೇಕು. ಇನ್ನೊಂದು ಜಾಗ ಅಂಗನವಾಡಿ. ರಾಜ್ಯ ಸರ್ಕಾರ 2017ರಲ್ಲಿ ಮಾತೃಪೂರ್ಣ ಯೋಜನೆ ತಂದಾಗ ಬಸುರಿ ಬಾಣಂತಿಯರು ಅಂಗನವಾಡಿಯಲ್ಲೇ ಒಟ್ಟಿಗೆ ಕೂತು ಮಧ್ಯಾಹ್ನದ ಬಿಸಿಯೂಟ ಮಾಡಬೇಕೆಂದಿತ್ತು. ಮಲೆನಾಡಿನ ಏರುದಾರಿಯಲ್ಲಿ ತುಂಬು ಬಸುರಿ ದಿನಾ ಅಷ್ಟು ದೂರ ನಡೆಯುವುದು ಹೇಗೆ ಎಂಬ ದೂರು ಬಂತು, ಅದು ನ್ಯಾಯವಾದ ದೂರೇ. ಆದರೂ ಒಟ್ಟಿಗೆ ಉಣ್ಣುವ ಆ ಯೋಚನೆ ಒಳ್ಳೆಯದು ಎಂದೇ ನನ್ನ ಅಭಿಪ್ರಾಯ. ಕಬ್ಬಿಣದ ಮಾತ್ರೆ ನುಂಗಿದರೆ ಮಗು ಕಪ್ಪಾಗುತ್ತದೆ ಎಂದು ಹೆದರಿದವಳಿಗೆ, ಕಪ್ಪಾಗುವುದು ಮಲ ಮಾತ್ರ ಎಂದು ನುಂಗಿ ನೋಡಿದ ಪಕ್ಕದವಳು ಹೇಳಿದರೆ ಬೇಗ ನಂಬಿಕೆ ಬರುತ್ತದೆ. ಕಾಫಿ ಟೀ ಜೊತೆ ನುಂಗಬೇಡ, ನಿಂಬೆರಸದ ಜೊತೆ ತಗೋ, ಕ್ಯಾಲ್ಸಿಯಂ ಮಾತ್ರೆಯನ್ನು ಬೇರೆ ಹೊತ್ತಿಗೆ ನುಂಗು ಎಂಬುದೂ ಅಲ್ಲೇ ಗೊತ್ತಾಗುತ್ತದೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ದೇಶದ ಗರ್ಭಿಣಿಯರಲ್ಲಿ ಶೇ. 52ರಷ್ಟು ಮಂದಿಗೆ ರಕ್ತಹೀನತೆ ಇತ್ತು. ಹೆರಿಗೆಯಲ್ಲಿ ರಕ್ತ ಹೋದಾಗ ತಡೆದುಕೊಳ್ಳುವ ಶಕ್ತಿ ಈಗ ನುಂಗುವ ಮಾತ್ರೆಯಿಂದ ಬರಬೇಕು.

ಈಗ ಹೆತ್ತವರಿಗೆ ಒಂದು ಮಾತು. ನಿಮ್ಮ ಹೆರಿಗೆಯ ಕಥೆ ನಿಮಗೆ ದೊಡ್ಡದು, ಹೇಳುವ ಆಸೆ ಸಹಜ. ಹೇಳುವ ಮುಂಚೆ ‘ಕೇಳ್ತೀಯಾ?’ ಎಂದು ಒಮ್ಮೆ ಕೇಳಿ. ಬೇಡವೆಂದರೆ ಬಿಟ್ಟುಬಿಡಿ. ಹೇಳುವುದಾದರೆ ನೋವನ್ನಷ್ಟೇ ಹೇಳಿ ನಿಲ್ಲಿಸಬೇಡಿ. ಆಗ ಯಾರು ಬೆನ್ನು ನೀವಿದರು, ಯಾವ ಮಾತು ಧೈರ್ಯ ಕೊಟ್ಟಿತು, ಆಸ್ಪತ್ರೆಯ ಚೀಲದಲ್ಲಿ ಏನು ಮರೆತಿದ್ದಿರಿ, ಮಗುವನ್ನು ಎದೆಗೆ ಹಾಕಿದಾಗ ಏನಾಯಿತು, ಅದೂ ಬರಲಿ. ಸಿಸೇರಿಯನ್ ಆದವರನ್ನು ‘ನೋವೇ ತಿನ್ನಲಿಲ್ಲ’ ಎನ್ನಬೇಡಿ. ಅದೇ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಹತ್ತರಲ್ಲಿ ಮೂರು ಹೆರಿಗೆ ಶಸ್ತ್ರಚಿಕಿತ್ಸೆಯಿಂದ ಆಗಿದೆ. ಹೊಟ್ಟೆಯ ಆಕಾರ ನೋಡಿ ‘ಗಂಡೇ ಇದು’ ಎಂದು ಭವಿಷ್ಯ ಹೇಳಬೇಡಿ. ನಿಮಗೆ ಅದು ಸಲಿಗೆಯ ಮಾತು, ಮೊದಲ ಎರಡೂ ಹೆಣ್ಣಾಗಿರುವವಳಿಗೆ ಅದು ರಾತ್ರಿಯಿಡೀ ಕಾಡುವ ಮಾತು. ಹರಳೆಣ್ಣೆ ಕುಡಿಸಿ ಬೇನೆ ಬರಿಸುವ ಸಲಹೆಯನ್ನಂತೂ ದಯವಿಟ್ಟು ಕೊಡಬೇಡಿ.

ಚೊಚ್ಚಲ ಹೆರಿಗೆಗೆ ತವರಿಗೆ ಹೋಗುವುದು ನಮ್ಮ ರೂಢಿ. ತಾಯಿಯ ಕೈಯಡುಗೆ, ಸಲೀಸಾಗಿ ಅಳುವುದಕ್ಕೆ ಜಾಗ, ಎಣ್ಣೆನೀರು, ಅಲ್ಲಿ ಸಿಗುವ ಆರೈಕೆ ದೊಡ್ಡದು. ಆದರೆ ಏಳನೇ ತಿಂಗಳಲ್ಲಿ ಊರು ಬದಲಾದಾಗ ಡಾಕ್ಟರು, ಆಶಾ ಕಾರ್ಯಕರ್ತೆ, ಆಸ್ಪತ್ರೆ ಮೂರೂ ಬದಲಾಗುತ್ತವೆ. ತಾಯಿ ಕಾರ್ಡು, ಸ್ಕ್ಯಾನಿಂಗ್ ವರದಿಗಳು, ರಕ್ತದ ಗುಂಪಿನ ಚೀಟಿ ಒಂದೇ ಕವರಿನಲ್ಲಿ ನಿಮ್ಮ ಜೊತೆಗೇ ಇರಲಿ. ತವರಿಗೆ ಬಂದ ವಾರದೊಳಗೆ ಅಲ್ಲಿನ ಆಶಾಗೆ ಹೆಸರು ಕೊಡಿ. ಬೆಂಗಳೂರಿನಿಂದ ಬೀದರಿಗೋ ಬೆಳಗಾವಿಗೋ ಹೋಗುವವರು ಡಾಕ್ಟರನ್ನು ಕೇಳಿ, ಎರಡು ಗಂಟೆಗೊಮ್ಮೆ ಇಳಿದು ನಾಲ್ಕು ಹೆಜ್ಜೆ ನಡೆಯುವಂತೆ ಪ್ರಯಾಣ ಹೊಂದಿಸಿಕೊಳ್ಳಿ.

ತವರಿಗೆ ಹೋದರೆ ಗಂಡ ದೂರ ಉಳಿಯುತ್ತಾನೆ. ಮಗು ಮೊದಲ ಸಲ ಜೋರಾಗಿ ಒದ್ದಾಗ ಅವನ ಕೈ ಅಲ್ಲಿರುವುದಿಲ್ಲ. ಎಷ್ಟೋ ಹೆಣ್ಣುಮಕ್ಕಳು ತಾಯಿಯ ಮನೆಯಲ್ಲಿ ಈ ಒಂಟಿತನವನ್ನು ಬಾಯಿಬಿಟ್ಟು ಹೇಳುವುದಿಲ್ಲ, ತವರಲ್ಲಿದ್ದೂ ಬೇಸರವೇ ಎಂದಾರು ಎಂದು. ಗಂಡಂದಿರೇ, ದಿನಾ ರಾತ್ರಿ ಒಂದು ಫೋನು ಮಾಡಿ. ‘ಊಟ ಆಯ್ತಾ, ಮಾತ್ರೆ ತಗೊಂಡ್ಯಾ’ ಎಂದು ಮುಗಿಸಬೇಡಿ, ‘ಇವತ್ತು ಹೇಗಿತ್ತು’ ಎಂದು ಕೇಳಿ ಸುಮ್ಮನಿರಿ, ಅವಳು ಹೇಳುತ್ತಾಳೆ. ಅಮೆರಿಕಾ, ಇಂಗ್ಲೆಂಡಿನಲ್ಲಿರುವ ಕನ್ನಡದ ದಂಪತಿಗಳಲ್ಲಿ ಇದು ತಿರುಗುಮುರುಗು: ಗಂಡ ಜೊತೆಯಲ್ಲಿ, ತಾಯಿ ಸಾವಿರಾರು ಮೈಲಿ ಆಚೆ, ವೀಸಾ ಸಿಗುವುದರ ಮೇಲೆ ಬಾಣಂತನ ನಿಂತಿರುತ್ತದೆ. ಅಂಥವರಿಗೆ ಅಲ್ಲಿನ ಕನ್ನಡ ಕೂಟದ ಅನುಭವಸ್ಥ ಹೆಂಗಸರ ಪರಿಚಯ ಏಳನೇ ತಿಂಗಳಿಗೆ ಮುಂಚೆಯೇ ಆಗಿರಬೇಕು.

ಹೆರಿಗೆಯ ಹೊತ್ತಿಗೂ ಜೊತೆ ಬೇಕು. ಬೇನೆಯುದ್ದಕ್ಕೂ ಒಬ್ಬರು ಜೊತೆಗಿದ್ದರೆ ಹೆರಿಗೆಯ ಹೊತ್ತು ಕಡಿಮೆಯಾಗುತ್ತದೆ, ಸಿಸೇರಿಯನ್ನೂ ಕಡಿಮೆಯಾಗುತ್ತದೆ ಎಂದು ಹಲವು ದೇಶಗಳ ಅಧ್ಯಯನಗಳು ತೋರಿಸಿವೆ. ಕೇಂದ್ರ ಆರೋಗ್ಯ ಸಚಿವಾಲಯ 2016ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಹೆರಿಗೆ ಸಂಗಾತಿಗೆ ಅವಕಾಶ ಕೊಟ್ಟಿದೆ. ಹೆತ್ತ ಅನುಭವವಿರುವ ಹೆಂಗಸಿಗೆ ಆದ್ಯತೆ, ಮರೆ ಇರುವ ಕಡೆ ಗಂಡನೂ ಇರಬಹುದು. ಎಂಟನೇ ತಿಂಗಳ ತಪಾಸಣೆಗೆ ಹೋದಾಗಲೇ ‘ಒಳಗೆ ಜೊತೆಗೆ ಯಾರನ್ನು ಬಿಡುತ್ತೀರಿ?’ ಎಂದು ಕೇಳಿಟ್ಟುಕೊಳ್ಳಿ. ಬೇನೆ ಬಂದ ಮೇಲೆ ಬಾಗಿಲಲ್ಲಿ ವಾದ ಮಾಡಲು ಆಗುವುದಿಲ್ಲ.

ಮನಸ್ಸಿನ ಮಾತನ್ನು ಕೊನೆಗೆ ಇಟ್ಟಿದ್ದೇನೆ, ಅದು ಸಣ್ಣದೆಂದು ಅಲ್ಲ. ಹೆದರಿಕೆ, ಸಿಡುಕು, ಕಾರಣವಿಲ್ಲದ ಅಳು ಒಂದೆರಡು ದಿನ ಬಂದು ಹೋದರೆ ಗೆಳತಿಯ ಮಾತು ಸಾಕು. ಎರಡು ವಾರವಾದರೂ ಯಾವುದರಲ್ಲೂ ಮನಸ್ಸಿಲ್ಲ, ಊಟ ಸೇರುತ್ತಿಲ್ಲ, ಮಗು ಬೇಡವೆನಿಸುತ್ತಿದೆ, ಸಾಯಬೇಕೆನಿಸುತ್ತಿದೆ ಎಂದರೆ ಅದು ಚಿಕಿತ್ಸೆ ಬೇಕಾದ ಕಾಯಿಲೆ. ಸಾಯುವ ಯೋಚನೆ ಬಂದರೆ ಎರಡು ವಾರವೂ ಕಾಯಬಾರದು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ತಾಯಿ ಮತ್ತು ಮಗುವನ್ನು ಒಟ್ಟಿಗೆ ಇರಿಸಿಕೊಂಡು ನೋಡುವ ವಿಭಾಗವೇ ಇದೆ. ಊರಿನಲ್ಲೇ ಇರುವವರು ಟೆಲಿ ಮಾನಸ್‌ನ 14416 ಸಂಖ್ಯೆಗೆ ಹಗಲು ರಾತ್ರಿ ಯಾವಾಗ ಬೇಕಾದರೂ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ. ಆಂಬುಲೆನ್ಸಿಗೆ 108.

ನಿಮ್ಮ ಬೀದಿಯಲ್ಲಿ ಏಳು ತುಂಬಿದ ಹೆಣ್ಣುಮಗಳಿದ್ದರೆ ಈ ವಾರ ಒಮ್ಮೆ ಹೋಗಿ ಕೂತು ಬನ್ನಿ. ಈ ಎರಡು ಸಂಖ್ಯೆಗಳನ್ನು ಅವಳ ಫೋನಿನಲ್ಲಿ ಸೇರಿಸಿ ಕೊಡಿ, ಮುಂದಿನ 9ನೇ ತಾರೀಖು ಜೊತೆಗೆ ಯಾರು ಬರುತ್ತಾರೆಂದು ಕೇಳಿ, ಯಾರೂ ಇಲ್ಲವೆಂದರೆ ನೀವೇ ಹೊರಡಿ.