ಪವಿತ್ರ ನಾಡಿಗೆ ಈಗ ಹೊರಡಬಹುದೇ?



"ಸ್ವಾಮಿ, ಪವಿತ್ರ ನಾಡಿನ ಯಾತ್ರೆಗೆ ಹಣ ಕಟ್ಟಿದ್ದೇವೆ. ಅಲ್ಲಿ ಗಲಭೆ ಎಂದು ಮಕ್ಕಳು ಬೇಡವೆನ್ನುತ್ತಿದ್ದಾರೆ. ಹೋಗದಿದ್ದರೆ ನಮ್ಮ ವಿಶ್ವಾಸ ಕಡಿಮೆಯೆಂದು ಆಗುವುದಿಲ್ಲವೇ?" ಧರ್ಮಕೇಂದ್ರಗಳಲ್ಲಿ ಗುರುಗಳು ಆಗಾಗ ಕೇಳುವ ಪ್ರಶ್ನೆಯಿದು. ಪ್ರಭು ಹುಟ್ಟಿದ, ನಡೆದಾಡಿದ, ಶಿಲುಬೆಗೇರಿದ ಸ್ಥಳಗಳನ್ನು ಒಮ್ಮೆಯಾದರೂ ಕಾಣಬೇಕೆಂದು ವರ್ಷಗಟ್ಟಲೆ ಉಳಿತಾಯ ಮಾಡಿದವರ ಪ್ರಶ್ನೆಯನ್ನು ಹಗುರವಾಗಿ ತಳ್ಳಿಹಾಕಲಾಗದು. ಹೌದು ಅಥವಾ ಇಲ್ಲ ಎಂಬ ಒಂದೇ ಉತ್ತರವೂ ಎಲ್ಲರಿಗೆ ಹೊಂದದು. ಆದರೆ ಸರಿಯಾಗಿ ತೀರ್ಮಾನಿಸುವ ದಾರಿಯೊಂದಿದೆ.

ಸಂತ ಜೋಸೆಫರ ತೀರ್ಮಾನ

ಹೆರೋದನು ಸತ್ತ ನಂತರ ಇಸ್ರಯೇಲ್ ನಾಡಿಗೆ ಮರಳುವಂತೆ ದೇವದೂತನು ಜೋಸೆಫರಿಗೆ ತಿಳಿಸಿದನು. ಅವರು ಮಗುವನ್ನೂ ತಾಯಿಯನ್ನೂ ಕರೆದುಕೊಂಡು ಈಜಿಪ್ಟಿನಿಂದ ಹೊರಟರು. ಆದರೆ ಜುದೇಯದಲ್ಲಿ ಹೆರೋದನ ಮಗ ಅರ್ಖೆಲಾವನು ಆಳುತ್ತಿದ್ದಾನೆಂದು ಕೇಳಿ ಅಲ್ಲಿಗೆ ಹೋಗಲು ಅಂಜಿದರು. ಕನಸಿನಲ್ಲಿ ಎಚ್ಚರಿಕೆಯನ್ನೂ ಪಡೆದು ಗಲಿಲೇಯದ ನಜರೇತಿಗೆ ಹೋದರು (ಮತ್ತಾಯ 2:19–23). ಆ ಅಂಜಿಕೆಗೆ ಕಾರಣವಿತ್ತು. ಅರ್ಖೆಲಾವನ ಆಳ್ವಿಕೆಯ ಆರಂಭದಲ್ಲೇ, ಪಾಸ್ಕ ಹಬ್ಬದ ಸಮಯದಲ್ಲಿ, ಜೆರುಸಲೇಮಿನಲ್ಲಿ ಸುಮಾರು 3,000 ಜನರು ಹತರಾದರೆಂದು ಯೆಹೂದಿ ಇತಿಹಾಸಕಾರ ಫ್ಲೇವಿಯಸ್ ಜೋಸೆಫಸ್ ಬರೆದಿದ್ದಾನೆ.

ಶುಭಸಂದೇಶವು ಜೋಸೆಫರನ್ನು ಅಲ್ಪವಿಶ್ವಾಸಿ ಎನ್ನುವುದಿಲ್ಲ. ಅವರು ದೇವರ ಮಾತಿನಂತೆ ಹೊರಟರು, ಸುದ್ದಿಗೆ ಕಿವಿಗೊಟ್ಟರು, ತಮ್ಮ ಕೈಯಲ್ಲಿದ್ದ ಜೀವಗಳನ್ನು ನೆನೆದು ದಾರಿ ಬದಲಿಸಿದರು.

ಧೈರ್ಯ ಬೇರೆ, ದುಡುಕು ಬೇರೆ

ಯೇಸುಸ್ವಾಮಿಯೂ ತಮ್ಮನ್ನು ಕೊಲ್ಲಲು ಹವಣಿಸುತ್ತಿದ್ದವರಿದ್ದ ಜುದೇಯಕ್ಕೆ ಹೋಗದೆ ಕೆಲಕಾಲ ಗಲಿಲೇಯದಲ್ಲೇ ಉಳಿದರು (ಯೊವಾನ್ನ 7:1). ಆದರೆ ಲಾಜರನು ಸತ್ತಾಗ ಶಿಷ್ಯರು ಅಪಾಯವನ್ನು ನೆನಪಿಸಿದರೂ ಅದೇ ಜುದೇಯಕ್ಕೆ ಹೊರಟರು (ಯೊವಾನ್ನ 11:7–16). ಅಪಾಯ ಎರಡು ಸಲವೂ ಇತ್ತು. ಹೋಗಬೇಕಾದ ಕಾರಣ ಮಾತ್ರ ಬೇರೆಯಾಗಿತ್ತು.

ವಿವೇಕವೆಂಬ ಸದ್ಗುಣಕ್ಕೆ ಮೂರು ಕಾರ್ಯಗಳಿವೆ ಎಂದು ಸಂತ ಥಾಮಸ್ ಅಕ್ವಿನಾಸರು ಕಲಿಸುತ್ತಾರೆ: ವಿಚಾರಿಸುವುದು, ನಿರ್ಣಯಿಸುವುದು, ನಿರ್ಣಯದಂತೆ ಕಾರ್ಯಕ್ಕಿಳಿಸುವುದು. ದುಡುಕುವವನು ವಿಚಾರಿಸುವುದನ್ನೇ ಬಿಡುತ್ತಾನೆ. ಅತಿಯಾಗಿ ಅಂಜುವವನು ವಿಚಾರಿಸುತ್ತಲೇ ಕೂರುತ್ತಾನೆ. "ದೇವರು ಕಾಯುತ್ತಾರೆ" ಎಂದು ವಿಚಾರಿಸದೆ ಹೊರಡುವುದು ಭರವಸೆಯಲ್ಲ, ದೇವರನ್ನು ಪರೀಕ್ಷಿಸುವುದಾದೀತು.

ಹೊರಡದ ಹಡಗು

ಸಂತ ಇಗ್ನೇಷಿಯಸ್ ಲೊಯೋಲರು 1523ರಲ್ಲಿ ಜೆರುಸಲೇಮ್ ತಲುಪಿ ಅಲ್ಲೇ ನೆಲೆಸಲು ಬಯಸಿದರು. ಯಾತ್ರಿಕರಿಗೆ ಅಲ್ಲಿ ಅಪಾಯವಿದ್ದುದರಿಂದ ಫ್ರಾನ್ಸಿಸ್ಕನ್ ಸಭೆಯ ಅಧಿಕಾರಿ ಮರಳಲು ಆಜ್ಞಾಪಿಸಿದರು. ಇಗ್ನೇಷಿಯಸರು ವಿಧೇಯರಾದರು. 1534ರಲ್ಲಿ ಅವರೂ ಸಂಗಡಿಗರೂ ಮತ್ತೆ ಜೆರುಸಲೇಮಿಗೆ ಹೋಗುವ ಹರಕೆ ಹೊತ್ತರು. ಹೋಗಲಾಗದಿದ್ದರೆ ಜಗದ್ಗುರುಗಳ ಸೇವೆಗೆ ತಮ್ಮನ್ನು ಒಪ್ಪಿಸಿಕೊಳ್ಳುವುದೆಂದೂ ನಿಶ್ಚಯಿಸಿದ್ದರು. ವೆನಿಸಿಗೂ ತುರ್ಕರಿಗೂ ಯುದ್ಧ ಒದಗಿ ಹಡಗು ಹೊರಡಲಿಲ್ಲ. ಅವರು ರೋಮಿಗೆ ಹೋದರು. 1540ರಲ್ಲಿ ಯೇಸುಸಭೆಗೆ ಅಂಗೀಕಾರ ದೊರೆಯಿತು. ಆ ಸಂಗಡಿಗರಲ್ಲಿ ಒಬ್ಬರಾದ ಸಂತ ಫ್ರಾನ್ಸಿಸ್ ಝೇವಿಯರರು 1542ರಲ್ಲಿ ಗೋವಾಕ್ಕೆ ಬಂದಿಳಿದರು. ನಿಂತುಹೋದ ಯಾತ್ರೆಯೊಂದು ನಮ್ಮ ಕರಾವಳಿಯತ್ತ ದಾರಿ ತೆರೆಯಿತು.

ಆ ನಾಡಿನ ಪರಿಸ್ಥಿತಿ

ಅಲ್ಲಿ ಶಾಂತಿ ಬೇಗನೆ ಕದಡುತ್ತದೆ. 2000ದ ಮಾರ್ಚಿಯಲ್ಲಿ ಜಗದ್ಗುರು ಎರಡನೆಯ ಜಾನ್ ಪೌಲರು ಅಲ್ಲಿಗೆ ಯಾತ್ರೆ ಮಾಡಿದರು. ಅದೇ ಸೆಪ್ಟೆಂಬರಿನಲ್ಲಿ ಪ್ಯಾಲೆಸ್ತೀನಿಯರ ಎರಡನೆಯ ದಂಗೆ ಆರಂಭವಾಯಿತು. 2002ರಲ್ಲಿ ಬೆತ್ಲೆಹೇಮಿನ ಕ್ರಿಸ್ತಜನನದ ದೇವಾಲಯವೇ 39 ದಿನ ಮುತ್ತಿಗೆಯಲ್ಲಿತ್ತು. 2023ರ ಅಕ್ಟೋಬರ್ 7ರ ದಾಳಿಯ ನಂತರ ಅನೇಕ ವಿಮಾನ ಸಂಸ್ಥೆಗಳು ಸಂಚಾರ ನಿಲ್ಲಿಸಿದವು. ಭಾರತ ಸರ್ಕಾರ 'ಆಪರೇಷನ್ ಅಜಯ್' ಮೂಲಕ ನಮ್ಮವರನ್ನು ಕರೆತಂದಿತು. 2025ರ ಜೂನಿನಲ್ಲಿ ಇರಾನಿನೊಂದಿಗೆ ಯುದ್ಧವಾದಾಗ ವಾಯುಮಾರ್ಗ ಮುಚ್ಚಿ, ಭಾರತೀಯರು ಜೋರ್ಡಾನ್ ಮತ್ತು ಈಜಿಪ್ಟಿನ ಮೂಲಕ ಮರಳಬೇಕಾಯಿತು. ಆದ್ದರಿಂದ ಹಣ ಕಟ್ಟಿದ ದಿನದ ಸುದ್ದಿ ಸಾಲದು, ಹೊರಡುವ ವಾರದ ಸುದ್ದಿ ಬೇಕು.

ಇನ್ನೊಂದು ಮಾತನ್ನೂ ಮರೆಯಬಾರದು. ಬೆತ್ಲೆಹೇಮಿನ ಅನೇಕ ಕ್ರೈಸ್ತ ಕುಟುಂಬಗಳು ಆಲಿವ್ ಮರದ ಕೆತ್ತನೆ, ಅಂಗಡಿ, ವಸತಿಗೃಹಗಳಿಂದ ಬದುಕುತ್ತವೆ. ಯಾತ್ರಿಕರು ಬಾರದಿದ್ದರೆ ಅವರ ಒಲೆ ಉರಿಯದು. ಆದ್ದರಿಂದಲೇ ಜೆರುಸಲೇಮಿನ ಪಿತೃಪ್ರಧಾನರಾದ ಕಾರ್ಡಿನಲ್ ಪಿಜ್ಜಬಲ್ಲ ಅವರು ಯಾತ್ರಿಕರನ್ನು ಮರಳಿ ಬರುವಂತೆ ಕರೆದಿದ್ದಾರೆ. ದಾರಿ ಸುರಕ್ಷಿತವಾದಾಗ ಹೋಗುವುದು ಪ್ರೀತಿಯ ಕಾರ್ಯವೂ ಹೌದು.

ಮನೆಯಲ್ಲಿ ಕುಳಿತು ಕೇಳಿಕೊಳ್ಳಿ

1. ಈಗಲೇ ಹೋಗಬೇಕಾದ ಕಾರಣವೇನು? ಮುಂದಿನ ವರ್ಷ ಹೋದರೆ ಏನು ಕಳೆದುಹೋಗುತ್ತದೆ? ಜೆರುಸಲೇಮಿಗೆ ಯಾತ್ರೆ ಮಾಡಲೇಬೇಕೆಂದು ಧರ್ಮಸಭೆ ಯಾರಿಗೂ ವಿಧಿಸಿಲ್ಲ.

2. ಅಪಾಯ ಯಾರ ಮೇಲೆ ಬೀಳುತ್ತದೆ? ಚಿಕ್ಕ ಮಕ್ಕಳು, ಹಾಸಿಗೆ ಹಿಡಿದ ತಂದೆತಾಯಿ, ತೀರದ ಸಾಲ ಇದ್ದವರ ಜೀವ ಅವರೊಬ್ಬರದೇ ಅಲ್ಲ.

3. ನಂಬತಕ್ಕವರನ್ನು ವಿಚಾರಿಸಿದ್ದೇವೆಯೇ? ವಿದೇಶಾಂಗ ಸಚಿವಾಲಯ ಮತ್ತು ಟೆಲ್ ಅವೀವಿನ ಭಾರತೀಯ ರಾಯಭಾರ ಕಚೇರಿ ಕೊಡುವ ಸೂಚನೆಗಳನ್ನು ಓದಿ. ಟಿಕೆಟು ಮಾರುವವರ ಮಾತೊಂದನ್ನೇ ನಂಬಬೇಡಿ.

4. ಸಿಲುಕಿಕೊಂಡರೆ ಹೇಗೆ? ಹೆಚ್ಚು ದಿನಗಳಿಗೆ ಔಷಧಿ, ಕೈಯಲ್ಲಿ ಹಣ ಇರಲಿ. ಪ್ರಯಾಣ ವಿಮೆಗಳು ಸಾಮಾನ್ಯವಾಗಿ ಯುದ್ಧದ ನಷ್ಟವನ್ನು ಭರಿಸುವುದಿಲ್ಲ. ಪತ್ರವನ್ನು ಓದಿಯೇ ಸಹಿ ಮಾಡಿ. ಯಾತ್ರೆ ರದ್ದಾದರೆ ಎಷ್ಟು ಹಣ ಮರಳುತ್ತದೆಂದು ಬರೆಸಿಕೊಳ್ಳಿ. ಕಟ್ಟಿದ ಹಣ ಹೋಗುತ್ತದೆಂಬುದೊಂದೇ ಹೊರಡಲು ಕಾರಣವಾಗಬಾರದು.

ಗುಂಪನ್ನು ಕರೆದೊಯ್ಯುವ ಗುರುಗಳ ಹೊಣೆ ಇನ್ನೂ ದೊಡ್ಡದು. ಸ್ವಾಮಿಗಳೇ ಹೊರಟಿರುವಾಗ "ನಾನು ಬರುವುದಿಲ್ಲ" ಎನ್ನಲು ಹಿರಿಯರು ಸಂಕೋಚಪಡುತ್ತಾರೆ. ಯಾರೂ ಮುಜುಗರವಿಲ್ಲದೆ ಹಿಂದೆ ಸರಿಯುವಂತೆ ಅವರೇ ಮೊದಲು ಹೇಳಬೇಕು.

ಹೀಗೆ ವಿಚಾರಿಸಿ, ಪ್ರಾರ್ಥಿಸಿ ಹೋಗುವುದೆಂದು ತೀರ್ಮಾನಿಸಿದವರು ನೆಮ್ಮದಿಯಿಂದ ಹೋಗಲಿ. ಉಳಿದವರು ತಮ್ಮನ್ನು ಕೀಳೆಂದುಕೊಳ್ಳದಿರಲಿ. ಶುಭ ಶುಕ್ರವಾರದಂದು ಪವಿತ್ರ ನಾಡಿಗಾಗಿ ಎತ್ತುವ ಕಾಣಿಕೆ ಅಲ್ಲಿನ ದೇವಾಲಯಗಳನ್ನೂ ಶಾಲೆಗಳನ್ನೂ ಬಡವರನ್ನೂ ತಲುಪುತ್ತದೆ. ಈ ಸಲ ಹೊರಡದವರು ಯಾತ್ರೆಯ ಹಣದಲ್ಲಿ ಒಂದು ಪಾಲನ್ನು ಅದಕ್ಕೆ ಕೊಟ್ಟರೆ, ಬೆತ್ಲೆಹೇಮಿನ ಒಂದು ಮನೆಗೆ ಅವರು ಆಗಲೇ ತಲುಪಿದಂತೆ.