ಬಾಯಿಪಾಠದ ಹಿಂದಿನ ಭಯ

ಪ್ರಶ್ನೆ: ನನ್ನ ಮಗಳು ಕನ್ನಡ ಮಾಧ್ಯಮದಲ್ಲಿ ಎಸ್ಸೆಸ್ಸೆಲ್ಸಿ ಓದುತ್ತಿದ್ದಾಳೆ. ಬೆಳಿಗ್ಗೆ ಐದಕ್ಕೇ ಎದ್ದು ಇಂಗ್ಲಿಷ್ ಗೈಡ್ ಬಾಯಿಪಾಠ ಮಾಡುತ್ತಾಳೆ. ಅರ್ಥ ಕೇಳಿದರೆ ‘ಗೊತ್ತಿಲ್ಲಮ್ಮ, ಪರೀಕ್ಷೆಗೆ ಬರುತ್ತೆ’ ಅಂತಾಳೆ. ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಗೆಳತಿಗೆ ಪ್ರವಾಸದ ಪತ್ರ ಬರೆಯಲು ಕೇಳಿದರೆ, ಬಾಯಿಪಾಠವಾಗಿದ್ದ ರಜೆ ಅರ್ಜಿ ಬರೆದು ಬಂದಿದ್ದಾಳೆ. ನಾನೂ ಇಂಗ್ಲಿಷಿನಲ್ಲಿ ಫೇಲಾಗಿ ಓದು ಬಿಟ್ಟವಳು. ಅವಳಿಗೂ ಹಾಗೇ ಆದರೆ?
– ಹೆಸರು ಬೇಡ, ಚಿತ್ರದುರ್ಗ ಜಿಲ್ಲೆ

ಉತ್ತರ: ನಿಮ್ಮ ಕೊನೆಯ ಎರಡು ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ಮಗಳ ಪರೀಕ್ಷೆ ಹತ್ತಿರ ಬಂದಂತೆ ನಿಮ್ಮ ಹಳೆಯ ಗಾಯವೂ ನೋಯುತ್ತಿದೆ. ಸಹಜವೇ. ಎಷ್ಟೋ ತಾಯಂದಿರು ಈ ನೋವನ್ನು ಯಾರಿಗೂ ಹೇಳದೆ ನುಂಗಿಕೊಂಡಿರುತ್ತಾರೆ.

ಮೊದಲು ಒಂದು ಮಾತು: ನಿಮ್ಮ ಮಗಳು ದಡ್ಡಿಯೂ ಅಲ್ಲ, ಸೋಮಾರಿಯೂ ಅಲ್ಲ. ದ್ವಿತೀಯ ಭಾಷೆ ಇಂಗ್ಲಿಷಿಗೆ ಇರುವ 100 ಅಂಕಗಳಲ್ಲಿ 80 ಲಿಖಿತ ಪರೀಕ್ಷೆಯದು, 20 ಆಂತರಿಕ ಮೌಲ್ಯಮಾಪನದ್ದು. ಪದ್ಯದ ಸಾಲುಗಳನ್ನು ನೆನಪಿನಿಂದಲೇ ಬರೆಯಬೇಕಾದ ಪ್ರಶ್ನೆಯೂ ಇರುತ್ತದೆ. ಅಂಕ ಎಲ್ಲಿದೆಯೋ ಓದು ಅತ್ತಲೇ ವಾಲುತ್ತದೆ. ಫೇಲಾಗುವ ಭಯವೂ ಸೇರಿದರೆ ಅರ್ಥ ಮಾಡಿಕೊಳ್ಳುವುದಕ್ಕೆ ಪುರುಸೊತ್ತೇ ಇಲ್ಲ ಅನ್ನಿಸಿಬಿಡುತ್ತದೆ. ಬಾಯಿಪಾಠ ತಪ್ಪಲ್ಲ. ಆದರೆ ಪ್ರಶ್ನೆ ಸ್ವಲ್ಪ ತಿರುಗಿದರೂ ಅದು ಕೈಕೊಡುತ್ತದೆ. ಆ ರಜೆ ಅರ್ಜಿಯ ಕಥೆ ಇಷ್ಟೇ.

ಹಾಗಂತ ಗೈಡ್ ಕಿತ್ತುಕೊಳ್ಳಬೇಡಿ, ಸದ್ಯಕ್ಕೆ ಅವಳ ಧೈರ್ಯ ಅದರಲ್ಲೇ ಇದೆ. ಬಾಯಿಗೆ ಬರುವ ಪತ್ರದಲ್ಲೇ ದಿನಕ್ಕೆರಡು ಪದ ಬದಲಿಸಲು ಹೇಳಿ. ‘ಫೀವರ್’ ಇದ್ದಲ್ಲಿ ‘ಅಕ್ಕನ ಮದುವೆ’ ಬಂದರೆ ಮುಂದಿನ ಸಾಲು ಏನಾಗಬೇಕು? ಅವಳೇ ಯೋಚಿಸಲಿ. ತಪ್ಪಾದರೂ ಆ ಸಾಲು ಅವಳದು.

ಸಂಜೆ ನೀವು ರೊಟ್ಟಿ ತಟ್ಟುವಾಗ ‘ಈ ಪಾಠದಲ್ಲಿ ಏನಿದೆ, ನನಗೂ ಹೇಳೇ’ ಅನ್ನಿ. ಕನ್ನಡದಲ್ಲೇ ಹೇಳಲಿ. ಎಲ್ಲಿ ತಡವರಿಸುತ್ತಾಳೋ ಅಲ್ಲಿ ಪೆನ್ಸಿಲ್ ಗುರುತು ಹಾಕಿಕೊಂಡು ಮರುದಿನ ಟೀಚರನ್ನು ಕೇಳಲಿ. ನೀವೂ ಒಮ್ಮೆ ಶಾಲೆಗೆ ಹೋಗಿ ಆ ಉತ್ತರಪತ್ರಿಕೆಯನ್ನು ಟೀಚರ್ ಜೊತೆ ಕೂತು ನೋಡಿ. ದೂರು ಹೇಳಬೇಕಿಲ್ಲ, ‘ಎಲ್ಲಿಂದ ಶುರು ಮಾಡಿಸಲಿ?’ ಎಂದು ಕೇಳಿದರೆ ಸಾಕು.

ಅವಳ ಊಟ, ನಿದ್ದೆ ಕೆಟ್ಟರೆ, ಬದುಕೇ ಬೇಡ ಎಂಬಂಥ ಮಾತು ಬಂದರೆ ಮಾತ್ರ ಪರೀಕ್ಷೆ ಮುಗಿಯಲಿ ಎಂದು ಕಾಯಬೇಡಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಕರೆ ಮಾಡಿ. ಉಚಿತ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡಬಹುದು.

ಇನ್ನು ನಿಮ್ಮ ಫೇಲಿನ ಕಥೆ. ಅದನ್ನು ಬಚ್ಚಿಡಬೇಡಿ, ಬೆದರಿಸಲು ಬಳಸಲೂಬೇಡಿ. ಒಂದು ವಿಷಯ ಹೋದರೂ ಅದೇ ವರ್ಷ ಮತ್ತೆ ಬರೆಯಬಹುದು ಎಂದು ಅವಳಿಗೆ ಈಗಲೇ ಗೊತ್ತಿರಲಿ. ಆವತ್ತು ಯಾರಾದರೂ ಏನಂದಿದ್ದರೆ ನೀವು ಓದು ಬಿಡುತ್ತಿರಲಿಲ್ಲವೋ, ಆ ಮಾತನ್ನು ಫಲಿತಾಂಶಕ್ಕೆ ಮೊದಲೇ ಮಗಳಿಗೆ ಅಂದುಬಿಡಿ.